ಕಾಡಿಗೆಯಲ್ಲಿ ತಿದ್ದಿದ ಓಲೆ

ಹದಿನೆಂಟನೇ ಶತಮಾನದಲ್ಲಿ ತುಂಗಭದ್ರೆಯ ಸೀಮೆಯ ಹೆಣ್ಣುಮಗಳೊಬ್ಬಳು ಕಟ್ಟಿದ ಹಾಡುಗಥೆ. ಶ್ರಾವಣದ ಸಂಜೆ ಅದನ್ನು ಕಪಿಲೆಯ ಹಿನ್ನೀರಿನ ಸೀಮೆಯಲ್ಲಿ ಕೂಡಿ ಕೂತು ಓದಿದರೆ ಏನಾಗುತ್ತದೆ? ಕೇಳುವವರು ದಾದಿಯ ಹೆಸರು ವಿಚಾರಿಸುತ್ತಾರೆ, ಮಂತ್ರಿಗೆ ಶಾಪ ಹಾಕುತ್ತಾರೆ, ಕೊಲ್ಲಲು ಹೊರಟವರನ್ನು ಮೆಚ್ಚುತ್ತಾರೆ. ಹೆಳವನಕಟ್ಟೆ ಗಿರಿಯಮ್ಮನ ‘ಚಂದ್ರಹಾಸನ ಕಥೆ’ ಎನ್. ಬೇಗೂರಿನ ಜಗಲಿಗೆ ಬಂದಾಗ...

“ತಡಿ ಕೂಸೇ, ಮೆಲ್ಲಗೆ ಓದು. ಆ ಹೈದ ಎದ್ಬುಟ್ಟಾನು.”

ಕಂಬಕ್ಕೆ ಒರಗಿದ್ದ ಅಜ್ಜಿ ಹೀಗಂದದ್ದೇ ತಡ, ಓದುತ್ತಿದ್ದ ಹುಡುಗಿ ನಿಜಕ್ಕೂ ದನಿ ತಗ್ಗಿಸಿದಳು. ಹೊರಗೆ ಶ್ರಾವಣದ ಸೋನೆ. ಹೆಂಚಿನ ಅಂಚಿನಿಂದ ನೀರು ಇಳಿಯುತ್ತಿದೆ, ಕರೆಂಟು ಹೋಗಿ ಬಂದು ಮಾಡುತ್ತಿದೆ. ಜಗಲಿಯ ತುಂಬ ಹೆಂಗಸರು. ಒಬ್ಬಾಕೆಯ ಮೊರದಲ್ಲಿ ಸೋಸುತ್ತಿದ್ದ ಸೊಪ್ಪು, ಇನ್ನೊಬ್ಬಾಕೆಯ ತೊಡೆಯ ಮೇಲೆ ನಿದ್ದೆಗೆ ಜಾರಿದ ಮಗು.

ಏಳಬಾರದ ಆ ಹೈದ ಚಂದ್ರಹಾಸ. ಕುಂತಳಪುರದ ಹೊರಗಿನ ತೋಪಿನಲ್ಲಿ ಕುದುರೆ ಕಟ್ಟಿ ಮರದಡಿ ಮಲಗಿದ್ದಾನೆ. ಅವನ ಹತ್ತಿರ ಒಂದು ಓಲೆ ಇದೆ. ಅದರಲ್ಲಿರುವುದು ಅವನದೇ ಸಾವು. ಇದನ್ನು ತಂದವನಿಗೆ ವಿಷ ಕೊಡು ಎಂದು ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಬರೆದು ಕಳಿಸಿದ್ದಾನೆ. ಗೆಳತಿಯರ ಜೊತೆ ನೀರಾಟಕ್ಕೆ ಬಂದ ಮಂತ್ರಿಯ ಮಗಳು ಮಲಗಿದವನನ್ನು ನೋಡುತ್ತಾಳೆ, ಓಲೆ ಬಿಚ್ಚುತ್ತಾಳೆ, ಓದುತ್ತಾಳೆ. ಅವಳ ಹೆಸರು ವಿಷಯೆ. ಕಣ್ಣಿನ ಕಾಡಿಗೆಯಲ್ಲಿ ಉಗುರಿನ ತುದಿ ಅದ್ದಿ ಒಂದಕ್ಷರ ಸೇರಿಸುತ್ತಾಳೆ. ವಿಷ ಕೊಡು ಎಂದಿದ್ದದ್ದು ವಿಷಯೆಯನ್ನು ಕೊಡು ಎಂದಾಗುತ್ತದೆ. ಓಲೆಯನ್ನು ಮಡಿಚಿ ಇದ್ದಲ್ಲೇ ಇಟ್ಟು ಬಂದ ಹಾಗೆಯೇ ಹಿಂದಿರುಗುತ್ತಾಳೆ.

“ಹ್ಞೂಂ” ಎಂದರು ಎಲ್ಲರೂ ಒಟ್ಟಿಗೆ.

ಅಷ್ಟು ಹೊತ್ತು ಸುಮ್ಮನಿದ್ದ ಒಬ್ಬಾಕೆ, ಎಸ್ಟೇಟ್ ಕೆಲಸಕ್ಕೆ ಹೋಗಿಬಂದ ಕೈಗಳನ್ನು ಸೆರಗಿಗೆ ಒರೆಸುತ್ತ, ಹೇಳಿದಳು: “ಓದಾಕ್ ಬತ್ತಿತ್ತು. ಅದ್ಕೇ ಉಳಿಸ್ಕಂಡ್ಳು ಕಣಕ್ಕ.”

---

ಎನ್. ಬೇಗೂರು ಎಚ್.ಡಿ. ಕೋಟೆ ಸೀಮೆಯ ಕಾಡಂಚಿನ ಊರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯಕ್ಕೆ ಇದೇ ಊರಿನ ಹೆಸರಿದೆ. ಒಂದು ಕಡೆ ಕಾಡು, ಇನ್ನೊಂದು ಕಡೆ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರು. ಹತ್ತಿ, ರಾಗಿ, ಮುಸುಕಿನ ಜೋಳ, ಶುಂಠಿ ಬೆಳೆಯುವ ನೆಲ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಆನೆಗಳ ಹಿಂಡು ನೋಡಲು ದೂರದೂರದಿಂದ ಜನ ಬರುತ್ತಾರೆ. ಊರಿನವರಿಗೆ ಆನೆಯೆಂದರೆ ರಾತ್ರಿ ಕಾವಲು.

ಇಲ್ಲಿಂದ ಕಾಡು ದಾಟಿದರೆ ಕೇರಳದ ವಯನಾಡು. ಕಪಿಲೆ, ಅಂದರೆ ಕಬಿನಿ, ಹುಟ್ಟಿ ಬರುವುದೂ ಅಲ್ಲಿಂದಲೇ. ಕೂಲಿಗೆ ಅತ್ತ ಹೋಗುವವರಿದ್ದಾರೆ, ಶುಂಠಿ ಬೆಳೆಯಲು ಇತ್ತ ಬರುವವರಿದ್ದಾರೆ. ಚಂದ್ರಹಾಸನ ಕಥೆ ಈ ಊರಿಗೆ ಇಷ್ಟು ಹತ್ತಿರದ್ದಾಗಲು ಇದೊಂದು ಕಾರಣ. ಯಾಕೆಂದರೆ ಚಂದ್ರಹಾಸ ಕೇರಳದ ಅರಸುಮಗ.

ಕಥೆ ತೆರೆಯುವುದೇ ಅಲ್ಲಿ. ಕೇರಳದ ಅರಸನಿಗೆ ಮೂಲಾ ನಕ್ಷತ್ರದಲ್ಲಿ ಗಂಡು ಮಗು ಹುಟ್ಟುತ್ತದೆ. ಎಡಗಾಲಿನಲ್ಲಿ ಆರು ಬೆರಳು. ಹಗೆಗಳು ಊರಿಗೆ ಮುತ್ತಿಗೆ ಹಾಕುತ್ತಾರೆ, ಅರಸ ಸಾಯುತ್ತಾನೆ, ರಾಣಿ ಚಿತೆಯೇರುತ್ತಾಳೆ. ಆ ಗದ್ದಲದಲ್ಲಿ ದಾದಿಯೊಬ್ಬಳು ಮಗುವನ್ನು ಎತ್ತಿಕೊಂಡು ಓಡುತ್ತಾಳೆ. ಕಾಡು ದಾಟಿ ಕುಂತಳಪುರಕ್ಕೆ ಬಂದು, ಅವರಿವರ ಮನೆಯ ಕೆಲಸ ಮಾಡಿ, ಮಗುವನ್ನು ಕೆಲಕಾಲ ಸಾಕಿ, ಸತ್ತೇ ಹೋಗುತ್ತಾಳೆ.

ಕಾವ್ಯ ಇಷ್ಟನ್ನು ಬೇಗ ದಾಟಿ ಮುಂದೆ ಹೋಗುತ್ತದೆ. ಅರಮನೆ, ಮಂತ್ರಿ, ಮದುವೆ ಎಲ್ಲ ಇನ್ನೂ ಬರಬೇಕಲ್ಲ.

ಜಗಲಿ ಮುಂದೆ ಹೋಗಲಿಲ್ಲ.

“ಆ ದಾದಿ ಹೆಸ್ರೇನವ್ವ?” ಎಂದು ಕೇಳಿದಳು ಒಬ್ಬಾಕೆ. ಹುಡುಗಿ ಪುಟ ಹಿಂದೆ ಮುಂದೆ ತಿರುವಿದಳು. ದಾದಿ ಬರೀ ದಾದಿ. ಮದನನಿಗೆ ಹೆಸರಿದೆ, ವಿಷಯೆಗೆ ಹೆಸರಿದೆ, ಅರಸುಮಗಳು ಚಂಪಕಮಾಲಿನಿಗೆ ಹೆಸರಿದೆ. ಇಡೀ ಕಥೆ ನಡೆಯಲು ಕಾರಣಳಾದವಳಿಗೆ ಇಲ್ಲ.

“ಹೆಸ್ರು ಬ್ಯಾಡ್ವಾ? ಅವ್ಳು ಹೊತ್ಕಂಡ್ ಬರ್ನಿಲ್ಲ ಅಂದ್ರೆ ಕತೆ ಎಲ್ಲಿತ್ತು?”

ಆಮೇಲೆ ಮಾತು ಎಲ್ಲೆಲ್ಲಿಗೋ ಹರಿಯಿತು. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಎಸ್ಟೇಟಿಗೆ ಹೋದದ್ದು, ಸಾಲಿನ ಮನೆಯಲ್ಲಿ ಹತ್ತು ಜನ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದು, ಅಕ್ಕಪಕ್ಕದವಳ ಮಗುವಿಗೂ ಹಾಲು ಕೊಟ್ಟದ್ದು. ಅಣೆಕಟ್ಟೆ ಬಂದಾಗ ಮುಳುಗಿದ ಊರುಗಳಿಂದ ಎದ್ದು ಬಂದವರ ಮಾತೂ ಬಂತು. ಕಪಿಲೆಯ ದಡದಲ್ಲಿದ್ದ ಕಿತ್ತೂರು, ಅಂದರೆ ಪುನ್ನಾಟ ಅರಸರ ರಾಜಧಾನಿಯಾಗಿದ್ದ ಹಳೆಯ ಕೀರ್ತಿಪುರ, ಇಂದು ಆ ನೀರಿನ ಅಡಿಯಲ್ಲಿದೆ. ರಾಜ್ಯ ಕಳಕೊಂಡು ನಡೆದು ಬರುವುದು ಇವರಿಗೆ ಬರೀ ಪುರಾಣವಲ್ಲ.

ನಾನು ಈ ಕೃತಿಯನ್ನು ಮನೆಯಲ್ಲಿ ಒಬ್ಬಳೇ ಕೂತು ಓದಿದಾಗ ದಾದಿ ಎರಡು ಸಾಲಿನಲ್ಲಿ ದಾಟಿ ಹೋಗಿದ್ದಳು. ಇಲ್ಲಿ ಆ ಸಂಜೆಯೆಲ್ಲ ಅವಳದೇ ಆಯಿತು.

---

ಹೆಳವನಕಟ್ಟೆ ಗಿರಿಯಮ್ಮ

*ಹುಟ್ಟೂರು ರಾಣೆಬೆನ್ನೂರು, ಮದುವೆಯಾಗಿ ಬಂದದ್ದು ಮಲೆಬೆನ್ನೂರಿಗೆ. ಕಾಲ ಹದಿನೆಂಟನೇ ಶತಮಾನ. ದಾಸಶ್ರೇಷ್ಠ ಗೋಪಾಲದಾಸರ ಸಮಕಾಲೀನಳು. ಗಂಡ ತಿಪ್ಪರಸ. ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡಳು, ಸಂಸಾರಕ್ಕೆ ಒಗ್ಗದೆ ಗಂಡನಿಗೆ ಬೇರೆ ಮದುವೆ ಮಾಡಿಸಿದಳು, ಅತ್ತೆಮನೆಯವರ ಕಾಟ ಸಹಿಸಿದಳು ಎಂದು ಆಕೆಯ ಚರಿತ್ರೆ ಹೇಳುವವರು ಹೇಳುತ್ತಾರೆ. ಮಲೆಬೆನ್ನೂರಿನ ಹತ್ತಿರ ಕೊಮಾರನಹಳ್ಳಿಯಲ್ಲಿರುವ ಹೆಳವನಕಟ್ಟೆ ರಂಗನಾಥನೇ ಆಕೆಯ ದೇವರು, ಅವನ ಹೆಸರೇ ಅಂಕಿತ. ‘ಚಂದ್ರಹಾಸನ ಕಥೆ’, ‘ಸೀತಾ ಕಲ್ಯಾಣ’, ‘ಉದ್ದಾಲಿಕನ ಕಥೆ’, ‘ಬ್ರಹ್ಮ ಕೊರವಂಜಿ’ ಆಕೆಯ ಮುಖ್ಯ ರಚನೆಗಳು. ಇವಲ್ಲದೆ ಬಿಡಿ ಕೀರ್ತನೆಗಳೂ ಇವೆ. ದಾಸಸಾಹಿತ್ಯದಲ್ಲಿ ಕಥನಕಾವ್ಯಗಳನ್ನು ಬರೆದು ಹೆಸರಾದ ಮೊದಲ ಹೆಣ್ಣುಮಕ್ಕಳ ಸಾಲಿನಲ್ಲಿ ಆಕೆ ನಿಲ್ಲುತ್ತಾಳೆ.*

---

ಕಥೆ ಗಿರಿಯಮ್ಮನ ಕಟ್ಟುಕಥೆಯಲ್ಲ. ಅದು ಜೈಮಿನಿ ಭಾರತದ್ದು. ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಹೊರಟ ಅರ್ಜುನ ಕುಂತಳಕ್ಕೆ ಬಂದಾಗ, ಅಲ್ಲಿನ ಅರಸನ ಪೂರ್ವಕಥೆಯನ್ನು ನಾರದ ಅವನಿಗೆ ಹೇಳುತ್ತಾನೆ. ಕನ್ನಡದಲ್ಲಿ ಅದನ್ನು ಮನೆಮನೆಯ ಮಾತಾಗಿಸಿದವನು ದೇವನೂರಿನ ಲಕ್ಷ್ಮೀಶ. ವಾರ್ಧಕ ಷಟ್ಪದಿಯಲ್ಲಿ, 34 ಸಂಧಿಗಳಲ್ಲಿ, ಅವನ ‘ಜೈಮಿನಿ ಭಾರತ’ ಗಮಕಿಗಳ ಬಾಯಲ್ಲಿ ಇಂದಿಗೂ ಬದುಕಿದೆ. ಯಕ್ಷಗಾನಕ್ಕೆ ಅದು ಪ್ರಸಂಗವಾಯಿತು. ಕುವೆಂಪು ನಾಟಕ ಬರೆದರು. 1965ರಲ್ಲಿ ಬಿ.ಎಸ್. ರಂಗ ಸಿನಿಮಾ ಮಾಡಿದರು, ರಾಜಕುಮಾರ್ ಚಂದ್ರಹಾಸನಾದರು. ಜಗಲಿಯ ಅಜ್ಜಿ ಅದನ್ನು ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕೂತು ನೋಡಿದ್ದಳು. ಕಥೆ ಶುರುವಾದಾಗಿನಿಂದ ಮುಂದಿನದನ್ನು ಹೇಳಿಬಿಡಲು ತವಕ ಅವಳಿಗೆ. ಮೊಮ್ಮಗಳು ಬಾಯಿ ಮುಚ್ಚಿಸಿ ಮುಚ್ಚಿಸಿ ಸಾಕಾದಳು.

ಲಕ್ಷ್ಮೀಶ ದೊಡ್ಡ ಕವಿ, ನಾದಲೋಲ. ಅವನ ಪದ್ಯ ಒಂದು ಸಲಕ್ಕೆ ಬಾಯಿಗೆ ಹತ್ತುತ್ತದೆ, ತಲೆಗೆ ಹತ್ತಲು ಅರ್ಥ ಹೇಳುವವರು ಬೇಕು. ಗಿರಿಯಮ್ಮ ಅದೇ ಕಥೆಯನ್ನು ಹಾಡುಗಬ್ಬದ ಮಟ್ಟಿಗೆ, ಸಾಂಗತ್ಯದ ಧಾಟಿಗೆ ಇಳಿಸಿದಳು. ಇಳಿಸಿದಳು ಎಂದರೆ ಕೆಳಗೆ ತಂದಳು ಅಂತಲ್ಲ, ಜಗಲಿಗೆ ತಂದಳು. ನಾಲ್ಕೇ ಸಾಲಿನ ದೇಸಿ ಛಂದಸ್ಸು. ಒಂದು ಮಾತು ಹೇಳುವಷ್ಟು ಜಾಗ, ಆಮೇಲೆ ಉಸಿರು. ಆ ಉಸಿರಿನಲ್ಲಿ ಕೇಳುವವಳು ಹ್ಞೂಂಗುಟ್ಟಬಹುದು, ಪ್ರಶ್ನೆ ಕೇಳಬಹುದು, ಅಳುವ ಮಗುವಿನ ಬೆನ್ನು ತಟ್ಟಬಹುದು.

ಸಾಹಿತ್ಯ ಚರಿತ್ರೆಗಳಲ್ಲಿ ಗಿರಿಯಮ್ಮನಿಗೆ ಸಿಗುವ ಮಾತು ಸಾಮಾನ್ಯವಾಗಿ ಒಂದೇ: ಸರಳ, ಭಕ್ತಿಭರಿತ. ಆಮೇಲೆ ಲಕ್ಷ್ಮೀಶನ ಪಕ್ಕದಲ್ಲಿ ನಿಲ್ಲಿಸಿ ಅಳೆಯುತ್ತಾರೆ. ಆ ಅಳತೆಗೋಲು ನನಗೆ ಸರಿ ಕಾಣುವುದಿಲ್ಲ. ಒಬ್ಬರೇ ಮೌನವಾಗಿ ಓದುವ ಪುಸ್ತಕವನ್ನು ಅಳೆಯುವ ಹಾಗೆ, ಹತ್ತು ಜನ ಕೂಡಿ ಕೇಳಲೆಂದು ಕಟ್ಟಿದ್ದನ್ನು ಅಳೆಯಬಾರದು. ಆಕೆ ಬಿಟ್ಟ ಜಾಗ ಖಾಲಿ ಜಾಗವಲ್ಲ. ಅದು ಕೇಳುವವರ ಪಾಲು. ದಾದಿಯ ಎರಡು ಸಾಲು ಎನ್. ಬೇಗೂರಿನಲ್ಲಿ ಒಂದು ಸಂಜೆಯಾದದ್ದು ಆ ಪಾಲಿನಿಂದಲೇ.

---

ಕೂಡಿ ಓದುವುದು ಈ ಸೀಮೆಗೆ ಹೊಸತೇನಲ್ಲ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಶನಿವಾರ ರಾತ್ರಿ ಶನಿಮಹಾತ್ಮೆ ಓದಿಸುವ ಪದ್ಧತಿ ಇದೆ. ಹರಕೆ ಹೊತ್ತ ಮನೆಯವರು ಓದುವವರನ್ನು ಕರೆಸುತ್ತಾರೆ. ದೀಪ ಹಚ್ಚಿ, ಎಳ್ಳೆಣ್ಣೆ ಎರೆದು, ಒಬ್ಬರು ಪದ್ಯ ಓದಿದರೆ ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ವಿಕ್ರಮರಾಜ ಕೈಕಾಲು ಕಳಕೊಂಡು ಗಾಣದ ಮೇಲೆ ಕೂರುವ ಹೊತ್ತಿಗೆ ನಡುರಾತ್ರಿ. ಮಲಗಿದ್ದ ಮಕ್ಕಳನ್ನೂ ಎಬ್ಬಿಸಿ ಮಂಗಳಾರತಿಗೆ ಕೂರಿಸುತ್ತಾರೆ.

ನೀಲಗಾರರ ಬಾಯಲ್ಲಿ ಮಂಟೇಸ್ವಾಮಿ, ಕಂಸಾಳೆಯವರ ಬಾಯಲ್ಲಿ ಮಾದೇಶ್ವರ. ಹಿನ್ನೀರಿನ ದಡದ ಭೀಮನಕೊಲ್ಲಿಯಲ್ಲೂ ಮಾದೇಶ್ವರನ ಗುಡಿಯಿದೆ. ಮಾದೇಶ್ವರ ಕಾವ್ಯದ ಸಂಕಮ್ಮನ ಸಾಲು ಗೊತ್ತಿಲ್ಲದ ಹೆಂಗಸು ಈ ಕಡೆ ಅಪರೂಪ. ಜೇನಿಗೆ ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆಪಟ್ಟರೂ ಕೊಡುವುದಿಲ್ಲ.

ಇದೆಲ್ಲ ಇರುವ ಊರಿಗೆ ಗಿರಿಯಮ್ಮನನ್ನು ಪರಿಚಯಿಸುವುದು ಕಷ್ಟದ ಕೆಲಸವಲ್ಲ. ಆದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಶನಿಮಹಾತ್ಮೆ ಓದುವವರು, ಅರ್ಥ ಹೇಳುವವರು ಹೆಚ್ಚಾಗಿ ಗಂಡಸರೇ. ಹೆಂಗಸರು ಒಳಬಾಗಿಲ ಹತ್ತಿರ ಕೂತು ಕೇಳುವವರು, ನಡುವೆ ಎದ್ದು ಕಾಫಿ ಕಾಯಿಸುವವರು. ಇಲ್ಲಿ ಬರೆದವಳು ಹೆಂಗಸು, ಓದಿದವಳು ಪದವಿ ಕಲಿಯುತ್ತಿರುವ ಹುಡುಗಿ, ಅರ್ಥ ಹೇಳಿದವರು ಕೂತಿದ್ದ ಎಲ್ಲರೂ. ಬಾಗಿಲ ಬಳಿ ನಿಂತು ಕೇಳುತ್ತಿದ್ದ ಮನೆಯ ಯಜಮಾನರು ಒಮ್ಮೆ ಬಾಯಿ ಹಾಕಿದಾಗ, “ನೀವ್ ಸುಮ್ಕಿರಿ, ನಮ್ ಕತೆ ಇದು” ಎಂದರು ಒಳಗಿನವರು. ಯಜಮಾನರು ನಕ್ಕು ಕೂತರು. ಕೊನೆಯವರೆಗೂ ಕೂತಿದ್ದರು.

ಸಂಕಮ್ಮನ ಹೆಸರನ್ನು ಎತ್ತಿದ್ದು ಅವರೇ. ವಿಷಯೆ ಬಲವೋ ಸಂಕಮ್ಮ ಬಲವೋ ಎಂಬ ಮಾತು ಬಂತು. ಒಬ್ಬಳು ಬಾಯಿ ಬಿಗಿಹಿಡಿದು ಗೆದ್ದವಳು, ಇನ್ನೊಬ್ಬಳು ಕೈ ಆಡಿಸಿ ಗೆದ್ದವಳು. ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ಸಂಕಮ್ಮನ ಕಡೆ ಇದ್ದರು. ಹುಡುಗಿಯರು ವಿಷಯೆಯ ಕಡೆ.

---

ಒಂದೇ ಓಲೆ, ಹಲವು ನಾಡು

*ತನ್ನದೇ ಸಾವಿನ ಪತ್ರವನ್ನು ಹೊತ್ತು ನಡೆಯುವವನ ಕಥೆ ಲೋಕದಲ್ಲೆಲ್ಲ ಇದೆ. ಹೋಮರನ ‘ಇಲಿಯಡ್’ನ ಆರನೇ ಭಾಗದಲ್ಲಿ ಬೆಲ್ಲೆರೊಫಾನ್ ಅಂಥ ಪತ್ರ ಒಯ್ಯುತ್ತಾನೆ. ಜರ್ಮನಿಯ ಗ್ರಿಮ್ ಸಹೋದರರ ಸಂಗ್ರಹದ 29ನೇ ಕಥೆಯಲ್ಲಿ ಹುಡುಗ ನಿದ್ದೆ ಹೋದಾಗ ಕಳ್ಳರು ಕನಿಕರಪಟ್ಟು ಪತ್ರ ಬದಲಿಸುತ್ತಾರೆ, ಅವನಿಗೆ ಅರಸುಮಗಳೊಡನೆ ಮದುವೆಯಾಗುತ್ತದೆ. ಬೌದ್ಧರ ಧಮ್ಮಪದದ ಅಟ್ಠಕಥೆಯಲ್ಲಿ ಕೌಶಾಂಬಿಯ ಘೋಸಕನ ಕಥೆ ಚಂದ್ರಹಾಸನಿಗೆ ಬಹಳ ಹತ್ತಿರದ್ದು. ಅಲ್ಲಿಯೂ ಪತ್ರ ಬದಲಿಸುವುದು ಒಬ್ಬ ಹುಡುಗಿ, ಅಲ್ಲಿಯೂ ಕೊಲ್ಲಿಸಲು ಹೊರಟವನ ಸ್ವಂತ ಮಗನೇ ಸಾಯುತ್ತಾನೆ. ಲೋಕದ ಜನಪದ ಕಥೆಗಳನ್ನು ವಿಂಗಡಿಸಿದ ಆರ್ನೆ, ಥಾಂಪ್ಸನ್, ಉಥರ್ ಇವರ ಪಟ್ಟಿಯಲ್ಲಿ ಈ ಬಗೆಯ ಕಥೆಗೆ 930ನೇ ಅಂಕೆ.*

---

ಗ್ರಿಮ್ ಕಥೆಯ ಕಳ್ಳರನ್ನು ನೆನೆದರೆ ನಮ್ಮ ವಿಷಯೆಯ ಮೇಲೆ ನನಗೆ ಇನ್ನಷ್ಟು ಅಭಿಮಾನ. ಅವಳು ತನ್ನ ಮದುವೆಯನ್ನು ತಾನೇ ಬರೆದುಕೊಂಡವಳು. ಅಪ್ಪನ ಅಕ್ಷರವನ್ನು ಓದಿ, ಅದರಲ್ಲಿರುವ ಕೇಡನ್ನು ಕಂಡು, ಅಪ್ಪ ಹೀಗೆ ಬರೆದಿರಲಾರ, ಕೈತಪ್ಪಿ ನನ್ನ ಹೆಸರಿನ ಒಂದಕ್ಷರ ಬಿಟ್ಟಿದ್ದಾನೆ ಎಂದು ತನಗೆ ತಾನೇ ಹೇಳಿಕೊಂಡು ತಿದ್ದುತ್ತಾಳೆ. ಅಪ್ಪನ ಮಾನವನ್ನೂ ಉಳಿಸಿ ತನ್ನ ಆಸೆಯನ್ನೂ ಈಡೇರಿಸಿಕೊಳ್ಳುವ ಜಾಣ್ಮೆ ಅದು. ಈ ಗಳಿಗೆಯನ್ನು ಒಬ್ಬ ಹೆಣ್ಣು, ಅದೂ ಹದಿನೆಂಟನೇ ಶತಮಾನದಲ್ಲಿ ಓದುಬರಹ ಕಲಿತಿದ್ದ ಒಬ್ಬ ಅಪರೂಪದ ಹೆಣ್ಣು, ಬರೆದಳು ಎಂಬುದನ್ನು ಮರೆತು ಓದಲು ನನ್ನಿಂದ ಆಗುವುದಿಲ್ಲ.

ತಬ್ಬಲಿ ಹುಡುಗನ ಪಾಡನ್ನು ಬರೆದವಳೂ ತಬ್ಬಲಿಯಾಗಿ ಬೆಳೆದವಳೇ. ದಾದಿ ಸತ್ತ ಮೇಲೆ ಚಂದ್ರಹಾಸ ಊರ ಕೂಸಾಗುತ್ತಾನೆ. ಒಬ್ಬರು ಉಣಿಸುತ್ತಾರೆ, ಇನ್ನೊಬ್ಬರು ಮೀಯಿಸುತ್ತಾರೆ. ಬೀದಿಯಲ್ಲಿ ಸಿಕ್ಕ ಸಾಲಿಗ್ರಾಮವನ್ನು ಗೋಲಿಯ ಹಾಗೆ ಆಡಿ, ಆಟ ಮುಗಿದ ಮೇಲೆ ಬಾಯೊಳಗೆ ಇಟ್ಟುಕೊಳ್ಳುತ್ತಾನೆ. ಇದನ್ನು ಕೇಳಿದಾಗ ಜಗಲಿಯ ಚಿಕ್ಕ ಮಕ್ಕಳು ಕಣ್ಣರಳಿಸಿದರು. ಬಾಯಲ್ಲಿ ಕಲ್ಲಿಟ್ಟುಕೊಂಡರೆ ಅವ್ವ ಬೈಯುವುದಿಲ್ಲವೇ ಎಂಬುದು ಅವರ ಚಿಂತೆ. ಬೈಯಲು ಅವ್ವನೇ ಇಲ್ಲವಲ್ಲ ಎಂದು ಒಬ್ಬ ಹುಡುಗ ಉತ್ತರ ಕೊಟ್ಟ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಂತ್ರಿಯ ಮನೆಯ ಊಟಕ್ಕೆ ಬಂದ ಬ್ರಾಹ್ಮಣರು ಬೀದಿಯ ಈ ಹುಡುಗನನ್ನು ನೋಡಿ, ಇವನು ಮುಂದೆ ಈ ನಾಡಿನ ಒಡೆಯನಾಗುತ್ತಾನೆ ಎನ್ನುತ್ತಾರೆ. ದುಷ್ಟಬುದ್ಧಿಗೆ ನಿದ್ದೆ ಬಾರದು. ಹುಡುಗನನ್ನು ಕಾಡಿಗೆ ಒಯ್ದು ಕೊಂದು ಗುರುತು ತನ್ನಿ ಎಂದು ಆಳುಗಳನ್ನು ಕಳಿಸುತ್ತಾನೆ. ಕಾಡಿನಲ್ಲಿ ಹುಡುಗನ ಮುಖ ನೋಡಿದ ಆ ಆಳುಗಳ ಕೈ ಏಳುವುದಿಲ್ಲ. ಆರನೇ ಬೆರಳನ್ನಷ್ಟೇ ಕತ್ತರಿಸಿ ಒಯ್ದು ತೋರಿಸುತ್ತಾರೆ. ಕಾಡಿನ ಮಿಗಗಳು ಹುಡುಗನ ಸುತ್ತ ನಿಲ್ಲುತ್ತವೆ. ಬೇಟೆಗೆ ಬಂದ ಕುಳಿಂದ ಅವನನ್ನು ಎತ್ತಿಕೊಂಡು ಚಂದನಾವತಿಗೆ ಒಯ್ದು ಮಗನಾಗಿ ಸಾಕುತ್ತಾನೆ.

ಪುರಾಣ ಆ ಆಳುಗಳನ್ನು ಕರೆಯುವುದು ಕೀಳು ಕುಲದ ಹೆಸರಿನಿಂದ. ಓದುವಾಗ ಅದನ್ನು ದಾಟಿಸಿ ಹೋಗಬಹುದಿತ್ತು, ನಾವು ದಾಟಿಸಲಿಲ್ಲ. ಹಾಡಿಯಿಂದ ಬಂದಿದ್ದ ಹಿರಿಯಳೊಬ್ಬಳು ಬಹಳ ಹೊತ್ತಿನ ಮೇಲೆ ಮಾತಾಡಿದ್ದು ಅಲ್ಲೇ. “ದೊಡ್ ಮನೇಲಿ ಕುಂತೋನು ಕೊಲ್ಲು ಅಂದ. ಕಾಡ್ಗೆ ಹೋದೋರು ಬ್ಯಾಡ ಅಂದ್ರು. ಯಾರು ಕೀಳು?” ಅವಳ ಪ್ರಶ್ನೆಗೆ ಯಾರೂ ಉತ್ತರ ಹುಡುಕಲಿಲ್ಲ. ಉತ್ತರ ಕಥೆಯಲ್ಲೇ ಇದೆ, ಕಥೆ ಬಳಸಿದ ಹೆಸರಲ್ಲಿ ಇಲ್ಲ. ಹಳೆಯ ಕೃತಿಗಳನ್ನು ಇಂದು ಓದುವಾಗ ಈ ಎರಡನ್ನೂ ಬಾಯಿಬಿಟ್ಟು ಹೇಳಬೇಕು ಎಂಬುದು ನನ್ನ ನಿಲುವು. ಆ ಕುಲದ ಹೆಸರು ತಮ್ಮ ಮೇಲೆ ಬಿದ್ದ ಜನ ಕೇಳುವವರ ನಡುವೆ ಕೂತಿರುತ್ತಾರೆ. ಅವರಿಗೆ ತಿಳಿಯದ ಹಾಗೆ ಓದಿಬಿಡುವುದು ಮರ್ಯಾದೆಯಲ್ಲ.

---

ಮೈಸೂರು ಸೀಮೆಯ ಅಕ್ಕಂದಿರು

*ಗಿರಿಯಮ್ಮನಿಗೂ ಮೊದಲು ಸಾಂಗತ್ಯ ಹಿಡಿದ ಹೆಣ್ಣುಮಕ್ಕಳು ಮೈಸೂರು ಅರಮನೆಯಲ್ಲಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದ ಯಳಂದೂರಿನ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಆಕೆಯ ಗುರು ‘ಮಿತ್ರವಿಂದಾ ಗೋವಿಂದ’ ನಾಟಕದ ಸಿಂಗರಾರ್ಯ. ಅದೇ ಕಾಲದ ಶೃಂಗಾರಮ್ಮನದು ‘ಪದ್ಮಿನೀ ಕಲ್ಯಾಣ’. ಮುಂದೆ ದೊಡ್ಡ ಕೃಷ್ಣರಾಜ ಒಡೆಯರ ರಾಣಿ ಚೆಲುವಾಂಬೆ ‘ವರನಂದಿ ಕಲ್ಯಾಣ’ ಬರೆದಳು. ಮೇಲುಕೋಟೆಯ ಚೆಲುವರಾಯನಿಗೆ ಮನಸೋತ ದಿಲ್ಲಿ ಪಾದಶಹನ ಮಗಳ ಕಥೆ ಅದು.*

---

ಓಲೆಯ ನಂತರದ ಕಥೆ ಬಿರುಸು. ತಿದ್ದಿದ ಓಲೆಯನ್ನು ನಂಬಿ ಮದನ ತಂಗಿಯ ಮದುವೆ ಮಾಡಿಬಿಡುತ್ತಾನೆ. ಹಿಂದಿರುಗಿ ಬಂದ ದುಷ್ಟಬುದ್ಧಿಗೆ ಮನೆಯಲ್ಲಿ ಚಪ್ಪರ, ವಾಲಗ. ಅಳಿಯನಾದರೂ ಬಿಡದೆ ಊರಾಚೆಯ ಕಾಳಿಯ ಗುಡಿಯಲ್ಲಿ ಕೊಲೆಗಾರರನ್ನು ಅಡಗಿಸಿ, ಸಂಜೆ ಪೂಜೆಗೆ ಒಬ್ಬನೇ ಹೋಗಿ ಬಾ ಎನ್ನುತ್ತಾನೆ. ಅದೇ ಸಂಜೆ ಕುಂತಳದ ಅರಸ ರಾಜ್ಯವನ್ನೂ ಮಗಳು ಚಂಪಕಮಾಲಿನಿಯನ್ನೂ ಚಂದ್ರಹಾಸನಿಗೆ ಕೊಡಲು ನಿಶ್ಚಯಿಸುತ್ತಾನೆ. ಮದನ ದಾರಿಯಲ್ಲಿ ಭಾವನನ್ನು ತಡೆದು ಅರಮನೆಗೆ ಕಳಿಸಿ, ಪೂಜೆಯ ತಟ್ಟೆ ತಾನೇ ಹಿಡಿದು ಗುಡಿಗೆ ಹೋಗುತ್ತಾನೆ.

ಇಲ್ಲಿಗೆ ಬಂದಾಗ ಜಗಲಿಯಲ್ಲಿ ಗದ್ದಲ. “ಹೋಗ್ಬ್ಯಾಡ ಕಣೋ” ಎಂದು ಮದನನಿಗೆ ಕೂಗಿದವರುಂಟು.

ಮದನ ಸಾಯುತ್ತಾನೆ. ಮಗನ ಹೆಣ ಕಂಡ ದುಷ್ಟಬುದ್ಧಿಯೂ ಪ್ರಾಣ ಬಿಡುತ್ತಾನೆ. ಸುದ್ದಿ ತಿಳಿದ ಚಂದ್ರಹಾಸ ಗುಡಿಗೆ ಬಂದು ತನ್ನನ್ನೇ ಬಲಿ ಕೊಟ್ಟುಕೊಳ್ಳಲು ಅಣಿಯಾಗುತ್ತಾನೆ. ದೇವಿ ಮೈದೋರಿ ಏನು ಬೇಕು ಎನ್ನುತ್ತಾಳೆ. ಮದನನ ಜೊತೆ ದುಷ್ಟಬುದ್ಧಿಯನ್ನೂ ಬದುಕಿಸು ಎಂದು ಬೇಡುತ್ತಾನೆ. ಇಬ್ಬರೂ ಏಳುತ್ತಾರೆ.

ಮದನ ಎದ್ದದ್ದಕ್ಕೆ ಎಲ್ಲರಿಗೂ ನೆಮ್ಮದಿ. ದುಷ್ಟಬುದ್ಧಿ ಏಳಬೇಕಿತ್ತೇ ಎಂಬುದರ ಮೇಲೆ ಆ ರಾತ್ರಿ ಜಗಳವೇ ನಡೆಯಿತು. ಕ್ಷಮಿಸುವುದು ದೊಡ್ಡತನ ಎಂದಳು ಒಬ್ಬಾಕೆ. ಮೂರು ಸಲ ಕೊಲ್ಲಿಸಲು ನೋಡಿದವನನ್ನು ಮಾವ ಎಂದು ದಿನಾ ಎದುರಲ್ಲಿ ಕೂರಿಸಿಕೊಂಡು ಉಣ್ಣುವುದು ಹೇಗೆ ಎಂದಳು ಇನ್ನೊಬ್ಬಳು. “ವಿಷಯೆನ ಕೇಳ್ಬೇಕಿತ್ತು, ಅವ್ಳ ಅಪ್ಪ ತಾನೆ?” ಎಂದದ್ದು ಓದುತ್ತಿದ್ದ ಹುಡುಗಿ. ಭಕ್ತಿಯ ಕಥೆಗೆ ಈ ಪ್ರಶ್ನೆ ಹೊರಗಿನದು ಅನ್ನಿಸಬಹುದು. ನನಗೆ ಹಾಗನ್ನಿಸಲಿಲ್ಲ. ಅಪ್ಪನ ಓಲೆಯನ್ನು ತಿದ್ದಿದವಳಿಗೆ ಅಪ್ಪನ ಮರುಹುಟ್ಟಿನ ಬಗ್ಗೆ ಒಂದು ಮಾತು ಇರಲೇಬೇಕು.

---

ಕುಂತಳ ಎಲ್ಲಿ?

*ಸೊರಬ ತಾಲ್ಲೂಕಿನ ಆನವಟ್ಟಿಯ ಹತ್ತಿರ ಕುಬಟೂರು ಎಂಬ ಊರಿದೆ. ಪಕ್ಕದಲ್ಲಿ ಕೈಟಭೇಶ್ವರನ ಹಳೆಯ ಕಲ್ಲುಗುಡಿ. ಚಂದ್ರಹಾಸ ಆಳಿದ ಕುಂತಳನಗರ ಇದೇ ಎಂಬುದು ಅಲ್ಲಿನ ಪ್ರತೀತಿ.*

---

ಇಂಥ ಓದು ನಡೆಯಲು ದೊಡ್ಡ ಏರ್ಪಾಡು ಬೇಕಿಲ್ಲ. ಪುಸ್ತಕ ಒಂದಿದ್ದರೆ ಸಾಕು, ಓದುವ ಗಂಟಲು ಒಂದಿರಬೇಕು. ರಾಗ ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದಿದ್ದರೆ ಸೋಬಾನೆ ಹಾಡಿ ಗೊತ್ತಿರುವವರು ತಾವೇ ಒಂದು ಧಾಟಿ ಕೂರಿಸುತ್ತಾರೆ; ಬೇಗೂರಿನಲ್ಲಿ ಆದದ್ದು ಹಾಗೆಯೇ. ಒಂದೇ ರಾತ್ರಿಗೆ ಮುಗಿಸುವ ಹಟ ಬೇಡ. ಮಾತು ಬಂದಾಗ ಓದು ನಿಲ್ಲಬೇಕು. ತಿಳಿದವರು ಎಂದು ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿದರೆ ಉಳಿದವರ ಬಾಯಿ ಕಟ್ಟಿಹೋಗುತ್ತದೆ, ಆದ್ದರಿಂದ ಕುರ್ಚಿಯೇ ಬೇಡ.

ಪುಸ್ತಕ ಸಿಗುವುದೇ ತೊಡಕು. ಗಿರಿಯಮ್ಮನ ಕೃತಿಗಳು ಅಚ್ಚಾಗಿವೆ, ವಿಶ್ವವಿದ್ಯಾಲಯಗಳ ಕಪಾಟಿನಲ್ಲಿವೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಮಕ್ಕಳನ್ನು ಅಲ್ಲಿಗೆ ಕರೆತಂದಿದೆ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಗಿರಿಯಮ್ಮ, ಹೊನ್ನಮ್ಮ, ಚೆಲುವಾಂಬೆಯರಿಗೂ ಒಂದು ಗೇಣು ಜಾಗ ಕೊಡುವುದು ಕಷ್ಟವಲ್ಲ. ದೊಡ್ಡ ಅಕ್ಷರದಲ್ಲಿ, ಕಠಿಣ ಪದಗಳಿಗೆ ಪುಟದ ಅಡಿಯಲ್ಲೇ ಅರ್ಥ ಕೊಟ್ಟು ಅಚ್ಚು ಹಾಕಿದರೆ ಹೈಸ್ಕೂಲು ಮಕ್ಕಳೇ ಅಜ್ಜಿಯರಿಗೆ ಓದಿ ಹೇಳುತ್ತಾರೆ.

ಮುಂದಿನ ಓದಿಗೆ ಗಿರಿಯಮ್ಮನದೇ ‘ಉದ್ದಾಲಿಕನ ಕಥೆ’ ಆಯ್ಕೆಯಾಗಿದೆ. ಗಂಡ ಏನು ಹೇಳಿದರೂ ತಿರುಗಾ ಮುರುಗಾ ಮಾಡುವ ಚಂಡಿಯ ಕಥೆ ಅದು. ಬೇಡ ಎಂದರೆ ಮಾಡುತ್ತಾಳೆ, ಮಾಡು ಎಂದರೆ ಇಲ್ಲ. ಋಷಿಯೊಬ್ಬನ ಉಪಾಯದಂತೆ ಗಂಡ ಎಲ್ಲವನ್ನೂ ಉಲ್ಟಾ ಹೇಳಿ ತಂದೆಯ ಶ್ರಾದ್ಧ ಸಾಂಗವಾಗಿ ನಡೆಸುತ್ತಾನೆ. ಕೊನೆಗೆ ಮರೆತು, ಪಿಂಡವನ್ನು ನೀರಿಗೆ ಬಿಡು ಎಂದುಬಿಡುತ್ತಾನೆ. ಅವಳು ತಿಪ್ಪೆಗೆ ಎಸೆಯುತ್ತಾಳೆ. ಶಾಪ ತಗಲಿ ಕಲ್ಲಾಗುತ್ತಾಳೆ. ಕಥೆಯ ಎಳೆಯನ್ನಷ್ಟೇ ಹೇಳಿದ್ದಕ್ಕೇ ಜಗಲಿ ನಕ್ಕು ನಕ್ಕು ಸುಸ್ತಾಯಿತು. ನಗು ನಿಂತ ಮೇಲೆ ಎಸ್ಟೇಟಿನಾಕೆ ಕೇಳಿದಳು: “ಅವ್ಳಿಗೇನ್ ಬೇಕು ಅಂತ ಯಾರಾದ್ರೂ ಒಂದ್ಸಲ ಕೇಳಿದ್ರ?” ಅದನ್ನು ಕೃತಿ ಓದಿಯೇ ನೋಡೋಣ ಎಂದು ಎಲ್ಲರೂ ಒಪ್ಪಿದರು.

ಅದಾದ ಮೇಲೆ ‘ವರನಂದಿ ಕಲ್ಯಾಣ’. ಕಂಬದ ಅಜ್ಜಿಗೆ ಚೆಲುವರಾಯನ ಪದಗಳು ಬರುತ್ತವಂತೆ. ರಾಣಿಯ ಸಾಂಗತ್ಯವನ್ನು ಹುಡುಗಿ ಓದುವುದು, ಅಜ್ಜಿ ತನ್ನ ಪದ ಹಾಡುವುದು, ಒಂದರ ಪಕ್ಕ ಒಂದನ್ನಿಟ್ಟು ಕೇಳುವುದು ಎಂದು ಮಾತಾಗಿದೆ. ಶ್ರಾವಣ ಮುಗಿಯುವುದರೊಳಗೆ ಆದರೆ ಒಳ್ಳೆಯದು. ಆಮೇಲೆ ಹೊಲದ ಕೆಲಸ ಹೆಚ್ಚುತ್ತದೆ.